ದೆವ್ವವಾಗಲು ಒಲ್ಲೆನೆಂದ ಅಕ್ಕೋರು

ಅಕ್ಕೋರ ಕೂದಲು ಕುತ್ತಿಗೆಯಿಂದ ಕೆಳಗೆ ಇಳಿದದ್ದನ್ನು ನಾನು ಒಮ್ಮೆಯೂ ನೋಡಲಿಲ್ಲ. ಬೆಳಗಾವಿಯ ವಡಗಾವಿಯಲ್ಲಿದ್ದ ನಮ್ಮ ಹೈಸ್ಕೂಲಿನ ಉಳಿದ ಶಿಕ್ಷಕಿಯರೆಲ್ಲ ಉದ್ದ ಹೆರಳು ಹಾಕಿ, ಅಬ್ಬಲಿಗೆ ಮುಡಿದು ಬರುತ್ತಿದ್ದ ಕಾಲವದು. ಇವರೊಬ್ಬರು ಮಾತ್ರ ಇಳಕಲ್ ಸೀರೆ ಉಟ್ಟು, ಹಣೆಗೆ ವಿಭೂತಿ ಹಚ್ಚಿ, ಗಂಡಸರ ಕ್ರಾಪಿಗಿಂತ ತುಸುವೇ ಉದ್ದವಿದ್ದ ಕೂದಲನ್ನು ಕಿವಿಯ ಹಿಂದೆ ಸರಿಸುತ್ತ ತರಗತಿಗೆ ಬರುತ್ತಿದ್ದರು. ಊರು ಅದಕ್ಕೆ ನೂರು ಕಾರಣ ಹೇಳುತ್ತಿತ್ತು. ಅವರು ಒಂದನ್ನೂ ಹೇಳುತ್ತಿರಲಿಲ್ಲ.

ನಮ್ಮ ಕಡೆ ಸಾಲಿ ಕಲಿಸುವ ಹೆಣ್ಣುಮಕ್ಕಳಿಗೆ ಅಕ್ಕೋರು ಎನ್ನುತ್ತೇವೆ. ಇವರು ನಮಗೆ ಕನ್ನಡ ಕಲಿಸಿದರು. ಶನಿವಾರದ ಕೊನೆಯ ತಾಸಿನಲ್ಲಿ ಪಠ್ಯ ಬದಿಗಿಟ್ಟು ಒಂದು ಹಳೆಯ ಕಾದಂಬರಿ ಓದುತ್ತಿದ್ದರು. ಹಿಂದಿನ ಓಣಿಯಲ್ಲಿ ಮಗ್ಗಗಳು ಬಡಿದುಕೊಳ್ಳುತ್ತಿದ್ದರೂ ನಮ್ಮ ಕಿವಿ ಅವರ ಬಾಯಿಂದ ಕದಲುತ್ತಿರಲಿಲ್ಲ. ಕಾಡಂಚಿನಲ್ಲಿ ಒಂದು ದೊಡ್ಡ ವಾಡೆ. ಅಲ್ಲಿಗೆ ಸೊಸೆಯಾಗಿ ಬಂದ ಬಡವರ ಹುಡುಗಿ. ಮೇಲಂತಸ್ತಿನಲ್ಲಿ ಸದಾ ಬೀಗ ಹಾಕಿದ ಕೋಣೆ. ಹಿರಿಯ ಸೊಸೆ ಸತ್ತು ದೆವ್ವವಾಗಿ ಅಲ್ಲಿದ್ದಾಳೆ ಎಂದು ಮನೆಯವರು ಹೇಳುತ್ತಾರೆ. ಹುಡುಗಿ ಪ್ರಶ್ನೆ ಕೇಳತೊಡಗಿದಾಗ ಅವಳಿಗೂ ದೆವ್ವ ಬಡಿದಿದೆ ಎನ್ನುತ್ತಾರೆ. ಕೊನೆಗೆ ಅವಳು ಬೀಗ ಒಡೆಯುತ್ತಾಳೆ. ಒಳಗೆ ಯಾರೂ ಇಲ್ಲ; ಬಾಗಿಲಿನ ಒಳಮೈ ತುಂಬ ಉಗುರಿನ ಗೀರುಗಳು. ಹಿರಿಯ ಸೊಸೆಯನ್ನು ಜೀವಂತ ಕೂಡಿಹಾಕಿ ಸಾಯಿಸಿದ್ದರು. ಹುಡುಗಿ ಕಿರುಚುವುದಿಲ್ಲ. ಹಾಡಹಗಲೇ ಮುಂಬಾಗಿಲಿನಿಂದ ಹೊರನಡೆಯುತ್ತಾಳೆ.

ಅಕ್ಕೋರು ಅದನ್ನು ಹೆದರಿಸುವ ದನಿಯಲ್ಲಿ ಓದುತ್ತಿರಲಿಲ್ಲ. ಸಂತೆಯ ಸುದ್ದಿ ಹೇಳಿದಂತೆ ಓದುತ್ತಿದ್ದರು. ಅದಕ್ಕೇ ನಮಗೆ ಹೆಚ್ಚು ಅಂಜಿಕೆಯಾಗುತ್ತಿತ್ತು. ಕೋಣೆಯೊಳಗೆ ಏನಿದೆ ಹೇಳಿಬಿಡಿ ಎಂದು ಗಂಟುಬಿದ್ದರೆ ಪುಸ್ತಕ ಮಡಚುತ್ತಿದ್ದರು.

"ಬಾಗಲದ ಹಿಂದ ಏನೈತಿ ಅಂತ ಎಲ್ಲಾರೂ ಕೇಳ್ತಾರ. ಕೀಲಿ ಯಾರ ಸೊಂಟದಾಗೈತಿ ಅಂತ ಕೇಳ್ರಿ."

ನಾನು ವಕೀಲಳಾದೆ, ಹಿಂದವಾಡಿಯಲ್ಲಿ ಮನೆ ಮಾಡಿದೆ. ನಿವೃತ್ತರಾದ ಅಕ್ಕೋರು ಮಹಾಂತೇಶ ನಗರದಲ್ಲಿ ಒಬ್ಬರೇ ಇದ್ದರು. ಆ ಕಾದಂಬರಿ ಸಿನಿಮಾ ಆಗಿದೆಯೆಂದು ತಿಳಿದ ದಿನ ಅವರೇ ಫೋನು ಮಾಡಿದರು. "ನೀ ಬರ್ತೀಯೇನು, ಇಲ್ಲಾ ನಾನ ಆಟೋ ಹಿಡೀಲೇನು?" ಎಪ್ಪತ್ತು ದಾಟಿದವರು ಹೊಸ ಸೀರೆ ಉಟ್ಟು ಗೇಟಿನ ಹೊರಗೇ ನಿಂತಿದ್ದರು. ದಾರಿಯುದ್ದಕ್ಕೂ, ಆ ಗೀರುಗಳನ್ನು ಹೇಗೆ ತೋರಿಸಿರಬಹುದು ಎಂಬುದೇ ಮಾತು.

ಗೀರುಗಳನ್ನು ತೋರಿಸಿರಲೇ ಇಲ್ಲ. ಸಿನಿಮಾದಲ್ಲಿ ಹಿರಿಯ ಸೊಸೆ ನಿಜವಾಗಿಯೂ ದೆವ್ವ. ಕೂದಲು ಕೆದರಿಕೊಂಡು ಗೋಡೆ ಹತ್ತುತ್ತಾಳೆ, ಹುಡುಗಿಯ ಮೈಮೇಲೆ ಬರುತ್ತಾಳೆ. ಗಂಡ ಮಂತ್ರವಾದಿಯನ್ನು ಕರೆತಂದು ಆ ದೆವ್ವವನ್ನು ಸುಟ್ಟು ಬೂದಿ ಮಾಡಿಸುತ್ತಾನೆ. ಕೊನೆಗೆ ಹುಡುಗಿ ಅತ್ತೆಯ ಕಾಲಿಗೆ ಬೀಳುತ್ತಾಳೆ. ಜನ ಸೀಟಿ ಹೊಡೆದರು. ದೀಪ ಹತ್ತಿದರೂ ಅಕ್ಕೋರು ಏಳಲಿಲ್ಲ.

"ಹೋಗೂಣ್ರಿ, ಅಕ್ಕೋರ," ಎಂದೆ.

"ಸತ್ತಾಕಿಗೆ ಮತ್ತೊಮ್ಮೆ ಕೀಲಿ ಹಾಕಿದ್ರು ನೋಡು," ಎಂದರು.

ಸಿನಿಮಾ ತೆಗೆದದ್ದು ಖಾನಾಪುರದ ಒಂದು ಹಳೆಯ ವಾಡೆಯಲ್ಲಿ. ಅದಕ್ಕಾಗಿ ಅಲ್ಲಿಯವರು ನಿರ್ದೇಶಕನಿಗೆ ಸನ್ಮಾನ ಇಟ್ಟುಕೊಂಡರು. ಕಾದಂಬರಿಯನ್ನು ಮೂವತ್ತು ವರ್ಷ ಮಕ್ಕಳಿಗೆ ಓದಿ ಹೇಳಿದವರೆಂದು ಅಕ್ಕೋರನ್ನೂ ಎರಡು ಮಾತಾಡಲು ಕರೆದರು. ಅವರು ಒಪ್ಪಿಕೊಂಡಾಗ ನನಗೆ ಅಚ್ಚರಿಯಾಯಿತು. ಖಾನಾಪುರದ ಹೆಸರೆತ್ತಿದರೆ ಮಾತು ಬದಲಿಸುತ್ತಿದ್ದವರು ಅವರು.

ಕಾರು ಪೀರನವಾಡಿ ದಾಟಿದ ಮೇಲೆ ತಾವಾಗಿಯೇ ಹೇಳತೊಡಗಿದರು.

"ನನ್ನ ಅತ್ತಿಮನಿ ಅಲ್ಲೇ ಇತ್ತವಾ. ಕಾಲೇಜು ಮುಗಸ್ತೀನಿ ಅಂದೆ. ಇಕಿಗೆ ಏನೋ ಬಡದೈತಿ ಅಂದ್ರು. ದೆವ್ವ ಬಿಡಸಾಂವ ಒಬ್ಬಾಂವನ್ನ ಕರಸಿದ್ರು. ಅವ ನನ್ನ ಹೆರಳು ಕೈಗೆ ಸುತಗೊಂಡು ಮೆಣಸಿನಕಾಯಿ ಹೊಗಿ ಮ್ಯಾಲೆ ಬಗ್ಗಿಸಿದ. ಯಾರು ನೀ ಹೇಳು, ಯಾರು ನೀ ಹೇಳು, ಅಂತ ಕೇಳಾಂವ. ನಾ ನನ್ನ ಹೆಸರು ಹೇಳ್ತಿದ್ದೆ. ಅದು ಸುಳ್ಳು ಅಂತಿದ್ದ."

ನಾನು ಕಾರಿನ ವೇಗ ತಗ್ಗಿಸಿದೆ.

"ತವರಿಂದ ತಂದ ಇದ ಕಾದಂಬರಿ ಜ್ವಾಳದ ಚೀಲದಾಗ ಮುಚ್ಚಿಟ್ಟಿದ್ದೆ. ಓದಿದ್ದಿಲ್ಲಂದ್ರ ಅವರು ಹೇಳಿದ್ದನ್ನ ನಾನೂ ನಂಬತಿದ್ದೆ. ಒಂದ ದಿನ ಮುಂಜಾನೆ, ಆ ಹುಡುಗಿ ಹೋದಂಗ, ಮುಂಬಾಗಲದಿಂದನ ಹೊಂಟೆ. ಬೆಳಗಾವಿಗೆ ಬಂದು ಅವ್ವನ ಕತ್ರಿ ತಗೊಂಡು ಹೆರಳು ಕತ್ತರಿಸಿದೆ. ಇನ್ನ ಯಾರ ಕೈಗೂ ಹಿಡಿಯಾಕ ಏನೂ ಸಿಗಬಾರದು ಅಂತ."

ಸಭಾಗೃಹ ತುಂಬಿತ್ತು. ಅಕ್ಕೋರು ಮೈಕಿನ ಮುಂದೆ ನಿಂತು ಕಾದಂಬರಿಯ ಕೊನೆಯನ್ನು ನಾಲ್ಕೇ ಮಾತಿನಲ್ಲಿ ಹೇಳಿದರು. ಆಮೇಲೆ ನಿರ್ದೇಶಕನ ಕಡೆ ತಿರುಗಿ, "ಈ ಕೊನೀನ ಯಾಕ ಬಿಟ್ರಿ?" ಎಂದು ಕೇಳಿದರು.

ಆತ ನಗುತ್ತಲೇ ಉತ್ತರಿಸಿದ. "ಈಗಿನ ಪ್ರೇಕ್ಷಕರಿಗೆ ದೆವ್ವ ಬೇಕು ಮೇಡಂ. ಪುಸ್ತಕ ಇದ್ದ ಹಾಗೇ ತೆಗೆದರೆ ಯಾರು ನೋಡ್ತಾರೆ?"

"ದೆವ್ವ ಬೇಕಿದ್ರ ಬ್ಯಾರೆ ಕಥಿ ಬರಕೊಳ್ರಿ. ಕೂಡಿಹಾಕಿಸ್ಕೊಂಡು ಸತ್ತಾಕಿಗೆ ನೀವು ಕೋರಿಹಲ್ಲು ಹಚ್ಚೀರಿ. ಕೊಂದ ಅತ್ತಿ ಕಾಲಿಗೆ ಸೊಸಿನ್ನ ಬೀಳಸೀರಿ. ಸಿನಿಮಾ ನಿಮ್ಮದು, ಖರೇ. ಆ ಹೆಣ್ಣುಮಗಳು ನಿಮ್ಮಾಕಿ ಅಲ್ಲ."

ಸಂಘಟಕರೊಬ್ಬರು ಹತ್ತಿರ ಬಂದು, "ಅಕ್ಕೋರ, ವೇಳ್ಯಾ ಆತ್ರಿ, ಕುಂದರ್ರಿ," ಎಂದು ಮೈಕಿಗೆ ಕೈ ಹಾಕಿದರು. ಆಗ ಹಿಂದಿನ ಸಾಲಿನಿಂದ ಒಂದು ಮುದಿ ದನಿ ಕೇಳಿತು. "ಬೋಲೂ ದ್ಯಾ ತಿಲಾ." ಅವಳು ಮಾತಾಡಲಿ ಬಿಡಿ ಎಂದು ಮರಾಠಿಯಲ್ಲಿ ಹೇಳಿದ ಆ ಮುದುಕಿ ಕಂಬ ಹಿಡಿದು ಎದ್ದು ನಿಂತಿದ್ದರು. ಸಂಘಟಕರ ಕೈ ಹಿಂದೆ ಸರಿಯಿತು.

"ಇದ ಊರಾಗ ನನಗ ದೆವ್ವ ಬಡದೈತಿ ಅಂದಿದ್ರು," ಎಂದರು ಅಕ್ಕೋರು. ಸೀರೆಯ ನಿರಿಗೆ ತುಸು ಎತ್ತಿ ಪಾದ ತೋರಿಸಿದರು. "ದೆವ್ವದ ಕಾಲು ಹಿಂದ ತಿರುಗಿರ್ತಾವಂತ. ನೋಡ್ರಿ, ನನ್ನವು ಮುಂದ ಅದಾವ. ಇವ ಕಾಲೀಲೆ ನಡಕೋತ ಹೋಗಿದ್ದೆ, ಇವ ಕಾಲೀಲೆ ಬಂದೀನಿ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ನಿರ್ದೇಶಕ ತನ್ನ ಶಾಲು ಸರಿಪಡಿಸಿಕೊಂಡ. ಅಕ್ಕೋರು ತಮಗೆ ಹೊದಿಸಿದ ಶಾಲನ್ನು ಮಡಚಿ ಮೇಜಿನ ಮೇಲಿಟ್ಟು ಕೆಳಗಿಳಿದರು. ಸಿನಿಮಾ ಮತ್ತೂ ಹಲವು ವಾರ ಓಡಿತೆಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ.

ಹೊರಗೆ ಆ ಮುದುಕಿ ಕಾದಿದ್ದರು. ಅಕ್ಕೋರ ಅತ್ತೆಮನೆಯ ಪಕ್ಕದ ಮನೆಗೆ ಅಕ್ಕೋರ ಮದುವೆಯ ವರ್ಷವೇ ಸೊಸೆಯಾಗಿ ಬಂದವರಂತೆ. ಗೋಡೆಯಾಚೆಯ ಕೂಗೆಲ್ಲ ಅವರಿಗೆ ಕೇಳಿಸುತ್ತಿತ್ತಂತೆ.

"ನೀ ಹೋದ ದಿನ ನಾ ಬಾವಿ ಕಡೆ ಇದ್ದೆ," ಎಂದರು, ಕನ್ನಡದಲ್ಲಿ ತಡವರಿಸುತ್ತ. "ನೀ ಬಸ್ ಸ್ಟ್ಯಾಂಡ್ ಕಡೆ ತಿರುಗಿದ್ದು ಕಂಡಿದ್ದೆ. ಹಿಂದಿಂದ ನಿನ್ನ ಗಂಡ, ಮೈದುನ ಓಡಿ ಬಂದ್ರು. ಯಾ ಕಡೆ ಹೋದ್ಲು ಅಂತ ಕೇಳಿದ್ರು. ನಾ ಹೊಳಿ ಕಡೆ ಕೈ ಮಾಡಿದೆ."

ಅಕ್ಕೋರು ಎರಡೂ ಕೈ ಚಾಚಿ ಅವರ ಕೈ ಹಿಡಿದುಕೊಂಡರು. ಕಾರಿನವರೆಗೂ ಆ ಕೈ ಬಿಡಲಿಲ್ಲ.

ಮರಳುವಾಗ ಅಕ್ಕೋರು ಹೇಳಿದರು. "ಇಷ್ಟು ವರ್ಷ ನಾ ಒಬ್ಬಾಕೀನ ಪಾರಾಗಿ ಬಂದೆ ಅಂತ ತಿಳಕೊಂಡಿದ್ದೆ. ಪುಸ್ತಕದಾಗೂ ಬಾವಿ ಕಡೆ ಇಂಥಾಕಿ ಒಬ್ಬಾಕಿ ಇರಬೇಕಾಗಿತ್ತು. ಅದನ್ನ ಯಾರರೆ ಸೇರಸ್ತೀನಿ ಅಂದ್ರ ನಾ ಬ್ಯಾಡ ಅನ್ನೂದಿಲ್ಲ."

ಕೋರ್ಟಿನಲ್ಲಿ ನನ್ನ ಕಕ್ಷಿದಾರಳಿಗೆ ತಲೆ ಸರಿಯಿಲ್ಲ ಎಂದು ಎದುರಿನವರು ವಾದಿಸಿದಾಗಲೆಲ್ಲ, ಹಾಗೆನ್ನುವುದರಿಂದ ಯಾರಿಗೆ ಲಾಭ ಎಂದು ಮೊದಲು ನೋಡುತ್ತೇನೆ. ಅದನ್ನು ನನಗೆ ಕಲಿಸಿದ್ದು ಕಾನೂನು ಕಾಲೇಜಲ್ಲ, ವಡಗಾವಿಯ ಶನಿವಾರದ ಕೊನೆಯ ತಾಸು.

ಕಳೆದ ಶ್ರಾವಣದಲ್ಲಿ ಅಕ್ಕೋರು ಲಿಂಗೈಕ್ಯರಾದರು. ಸುದ್ದಿ ತಿಳಿದು ಖಾನಾಪುರದ ಮುದುಕಿ ಬಸ್ಸು ಹಿಡಿದು ಒಬ್ಬರೇ ಬಂದರು. ಹಳೆಯ ವಿದ್ಯಾರ್ಥಿನಿಯರ ಗುಂಪು ಸೀಳಿಕೊಂಡು ನೇರ ಅಕ್ಕೋರ ಪಕ್ಕ ಹೋಗಿ ಕುಳಿತರು. ಪರಿಚಯವಿಲ್ಲದ ಆ ಮುದುಕಿಯನ್ನು ಕಂಡು ಸಂಬಂಧಿಕರೊಬ್ಬರು, "ನೀವು ಇವರಿಗೆ ಏನಾಗಬೇಕ್ರಿ?" ಎಂದು ಕೇಳಿದರು.

ಮುದುಕಿ ತಲೆಯೆತ್ತದೆ, "ಬಾಜೂ ಮನಿಯಾಕಿ," ಎಂದರು.