ಹಗ್ಗ ಅದೇ, ಜಾಗ ಬೇರೆ

ಬೆಳಕು ಹರಿಯುವ ಹೊತ್ತಿಗೇ ಶಾಲೆಯ ಅಂಗಳದಲ್ಲಿ ಗದ್ದಲ. ನಾಲ್ಕು ಮಕ್ಕಳು ನಾಲ್ಕು ಮೂಲೆಗಳಾಗಿ ನಿಂತು ನೈಲಾನ್ ಹಗ್ಗದ ಕುಣಿಕೆಯೊಂದನ್ನು ಬಿಗಿಯಾಗಿ ಎಳೆದು ಹಿಡಿದಿದ್ದಾರೆ. ಉಳಿದವರು ಅದರೊಳಗೆ ಅಡಿಯುದ್ದದ ರಟ್ಟಿನ ಚೌಕಗಳನ್ನು ಜೋಡಿಸುತ್ತಿದ್ದಾರೆ. ತೋಳು ಮಡಚಿಕೊಂಡು ನಡುವೆ ಓಡಾಡುತ್ತಿರುವವರೇ ಹಗ್ಗದ ಟೀಚರ್. ಮಕ್ಕಳಿಟ್ಟ ಹೆಸರದು, ಅವರಿಗೂ ಬಲು ಇಷ್ಟ.

ಹಗ್ಗ ಅವರ ಮನೆಯಲ್ಲಿ ಬಟ್ಟೆ ಒಣಹಾಕುವಂಥದ್ದು. ದಿನಾ ನಸುಕಿನಲ್ಲಿ ಬಿಚ್ಚಿ ಚೀಲಕ್ಕೆ ತುರುಕಿಕೊಂಡು ಬರುತ್ತಾರೆ. "ಅತ್ತೆ ಬೈತಾನೇ ಇರ್ತಾರೆ, ಒದ್ದೆ ಬಟ್ಟೇನ ನನ್ನ ತಲೆ ಮೇಲೆ ಹರವಿಕೊಳ್ಲಾ ಅಂತ," ಎಂದು ನಗುತ್ತಾರೆ.

ಟೀಚರದ್ದು ವರ್ಷಗಳಿಂದಲೂ ಹಂಗಾಮಿ ಕೆಲಸ. ಗಣಿತದಲ್ಲಿ ಹಿಂದೆ ಬಿದ್ದವರಿಗಾಗಿ ಈ ಬೆಳಗಿನ ಪಾಠವನ್ನು ತಾವೇ ಶುರುಮಾಡಿದರು. ಸುತ್ತಳತೆ, ವಿಸ್ತೀರ್ಣ ಎಂದರೆ ಈ ಮಕ್ಕಳಿಗೆ ಕಲಸುಮೇಲೋಗರ. "ಸೂತ್ರ ಗಿಣಿಪಾಠ ಮಾಡಿರ್ತಾರೆ. ಯಾವುದನ್ನ ಎಲ್ಲಿ ಹಾಕ್ಬೇಕು ಅಂತ್ಲೇ ಗೊತ್ತಿರಲ್ಲ. ಸುತ್ತ ನಡೆದು, ಒಳಗೆ ತುಂಬಿ ನೋಡಿದ್ರೆ ಮರೆಯಲ್ಲ."

ಹೆಡ್‌ಮೇಷ್ಟ್ರಿಗೆ ಇದೆಲ್ಲ ಬರೀ ಹುಡುಗಾಟ. ಇವತ್ತು ಖುದ್ದಾಗಿ ಬರುತ್ತಿದ್ದಾರೆ. ಮಕ್ಕಳು ಕಲಿತದ್ದನ್ನು ತಾವಾಗಿ ವಿವರಿಸದಿದ್ದರೆ ನಾಳೆಯಿಂದ ಈ ತರಗತಿ ಬಂದ್.

ಇಪ್ಪತ್ತು ಅಡಿಯ ಹಗ್ಗ. ಒಂದಡಿ ಅಗಲ ಬಿಟ್ಟು ಉದ್ದಕ್ಕೆ ಎಳೆದಾಗ ಒಳಗೆ ಒಂಬತ್ತೇ ರಟ್ಟು. ಅದನ್ನೇ ಚೌಕ ಮಾಡಿದಾಗ ಇಪ್ಪತ್ತೈದು. ಅಂಗಳವೇ ಕುಣಿಯುತ್ತದೆ. "ಇಷ್ಟು ಜಾಗ ಎಲ್ಲಿತ್ತು ಟೀಚರ್?" ಎಂದು ಒಬ್ಬ ಹಗ್ಗದ ಕೆಳಗೆಲ್ಲ ತಡಕಾಡುತ್ತಾನೆ.

ಅಷ್ಟರಲ್ಲಿ ಬಂದ ಹೆಡ್‌ಮೇಷ್ಟ್ರು, ಬಾಯಿ ಬಿಡುವುದೇ ಅಪರೂಪವಾದ ಪುಟ್ಟಿಯನ್ನೇ ಹಿಡಿಯುತ್ತಾರೆ. "ಹಗ್ಗ ಅದೇ ತಾನೆ? ಹಾಗಾದ್ರೆ ಜಾಗಾನೂ ಅಷ್ಟೇ, ಅಲ್ವೇನಮ್ಮ?"

ಪುಟ್ಟಿ ಫ್ರಾಕಿನ ಅಂಚು ಹಿಂಡುತ್ತಾಳೆ.

"ಇಲ್ಲ ಸಾರ್. ಹಗ್ಗ ಅಂಚು ಅಳೆಯುತ್ತೆ, ರಟ್ಟು ಒಳಗಿನ ಜಾಗ ಅಳೆಯುತ್ತೆ. ಉದ್ದಕ್ಕೆ ಎಳೆದ್ರೆ ಹೊಟ್ಟೆ ಒಳಕ್ಕೆ ಹೋಗುತ್ತೆ." ಆಮೇಲೆ ರಟ್ಟುಗಳತ್ತ ಬೊಟ್ಟು ಮಾಡಿ, "ಸಾರ್, ಇದೇ ಇಪ್ಪತ್ತೈದು ರಟ್ಟನ್ನ ಒಂದೇ ಸಾಲಲ್ಲಿ ಇಟ್ರೆ ಈ ಹಗ್ಗ ಸಾಕಾಗುತ್ತಾ?"

ಹೆಡ್‌ಮೇಷ್ಟ್ರು ಚಪ್ಪಲಿ ಬಿಟ್ಟು, ಮಂಡಿಯೂರಿ, ಮಕ್ಕಳ ಜೊತೆ ತಾವೂ ರಟ್ಟು ಜೋಡಿಸುತ್ತಾರೆ. ಸಾಲು ಗೇಟಿನತ್ತ ಸಾಗುತ್ತದೆ. ಸುತ್ತ ಹಾಯಿಸಲು ಹೊರಟರೆ ಹಗ್ಗ ಅರ್ಧಕ್ಕೂ ಸಾಲುವುದಿಲ್ಲ.

"ನಾಳೆ ಎಷ್ಟು ಗಂಟೆಗೆ ಶುರು?" ಎಂದು ಮೇಲೇಳದೆಯೇ ಕೇಳುತ್ತಾರೆ.

ಗಂಟೆ ಬಾರಿಸಿ ಅಂಗಳ ಖಾಲಿಯಾದ ಮೇಲೂ ಟೀಚರ ಮುಖದಲ್ಲಿ ಹಿಗ್ಗು ಇಳಿದಿಲ್ಲ. ತರಗತಿ ಉಳಿಯಿತಲ್ಲ ಎಂದರೆ ತಲೆಯಾಡಿಸುತ್ತಾರೆ.

"ಅದೂ ಸಂತೋಷಾನೇ. ಆದ್ರೆ ಉತ್ತರ ನಾನು ಹೇಳಿಕೊಟ್ಟಿದ್ದು. ಆ ಪ್ರಶ್ನೆ ಇದೆಯಲ್ಲ, ಅದು ಅವಳದ್ದೇ."