ಡಬ್ಬಿಯಲ್ಲಿ ಎತ್ತಿಟ್ಟ ಬೋಲ್ಟುಗಳು

ಹೊಸದು ಬಂದರೆ ಎತ್ತಿಡುವುದು ನಮ್ಮ ಮನೆತನದ ಚಾಳಿ. ಹೊಸ ಲೋಟ ಅಟ್ಟದ ಮೇಲೆ, ಹೊಸ ಜಮಖಾನ ಟ್ರಂಕಿನಲ್ಲಿ; ನಾವು ಕುಡಿಯುವುದು ಸೊಟ್ಟ ಲೋಟದಲ್ಲಿ, ಮಲಗುವುದು ಹರಕು ಚಾಪೆಯ ಮೇಲೆ. "ಹಳೇದು ನಡೀತದಲ್ಲ, ಹೊಸದ್ಯಾಕೆ ಹಾಳು ಮಾಡೀಯ?" ಎಂದು ಅಪ್ಪ ಸಾಯುವ ತನಕ ಹೇಳುತ್ತಿದ್ದ. ಈ ಚಾಳಿ ಹೋದ ವರ್ಷ ನನ್ನ ಅಕ್ಕನ ಮನೆಯಲ್ಲಿ ಒಂದು ಹೆಣ ಕೆಡವುವುದರಲ್ಲಿತ್ತು.

ಕಡೂರಿನಲ್ಲಿ ನನ್ನದೊಂದು ರಿಪೇರಿ ಅಂಗಡಿ. ಡ್ರಿಲ್ಲು, ಗ್ರೈಂಡರು, ಮರ ಕೊಯ್ಯುವ ಮಿಷನ್ನು, ಕೆಟ್ಟದ್ದು ಏನೇ ಬರಲಿ, ಬಿಚ್ಚಿ ನೋಡದೆ ಬಿಟ್ಟವನಲ್ಲ. ಅಕ್ಕನ ಗಂಡ, ಅಂದರೆ ನನ್ನ ಭಾವ, ಅಜ್ಜಂಪುರದಲ್ಲಿ ಮರಗೆಲಸ ಮಾಡುತ್ತಾರೆ. ಅಡುಗೆಮನೆಯ ಕಪಾಟು ಮಾಡುವುದರಲ್ಲಿ ಸುತ್ತಮುತ್ತ ಅವರಿಗೆ ಹೆಸರಿದೆ. ಅವರ ಹತ್ತಿರ ಒಂದು ಹಳೆಯ ಟ್ರ್ಯಾಕ್ ಸಾ ಇತ್ತು. ಪ್ಲೈವುಡ್ ಹಲಗೆಯ ಮೇಲೆ ಉದ್ದನೆಯ ಅಲ್ಯೂಮಿನಿಯಂ ಪಟ್ಟಿ ಇಟ್ಟು, ಅದರ ಮೇಲೆ ಈ ಗರಗಸದ ಮಿಷನ್ನು ತಳ್ಳಿಕೊಂಡು ಹೋದರೆ ಗೆರೆ ಎಳೆದಷ್ಟು ನೇರವಾಗಿ ಕೊಯ್ಯುತ್ತದೆ. ಅಂಚನ್ನು ಓರೆಯಾಗಿ ಕೊಯ್ಯಬೇಕಾದರೆ ಮಿಷನ್ನನ್ನು ನಲವತ್ತೈದು ಡಿಗ್ರಿಗೆ ವಾಲಿಸಿ ನಾಬು ಬಿಗಿಯಬೇಕು. ಹಳೆಯ ಮಾಡೆಲ್ಲಿನ ಐಬು ಇದ್ದದ್ದೇ ಅಲ್ಲಿ. ಎಷ್ಟು ಬಿಗಿದರೂ ಕೊಯ್ಯುತ್ತ ಕೊಯ್ಯುತ್ತ ಒಂದೆರಡು ಡಿಗ್ರಿ ಜಾರುತ್ತಿತ್ತು. ಭಾವ ತೆಂಗಿನ ಕಡ್ಡಿಯ ಚೂರೊಂದನ್ನು ಸಂದಿಗೆ ತುರುಕಿ ನಾಲ್ಕು ವರ್ಷ ದೂಡಿದ್ದರು.

ಕಂಪನಿಯವರು ಆಮೇಲೆ ಆ ಭಾಗವನ್ನೇ ಬದಲಾಯಿಸಿದರು. ಮಿಷನ್ನನ್ನು ವಾಲಿಸಿ ಹಿಡಿಯುವ ತೆಳು ತಗಡಿನ ಬ್ರಾಕೆಟ್ಟು ಹೋಗಿ ದಪ್ಪನೆಯ ಎರಕದ ಬ್ರಾಕೆಟ್ಟು, ಹಲ್ಲು ಕಚ್ಚಿ ನಿಲ್ಲುವ ನಾಬು ಬಂತು. ಹಳೆಯ ಮಿಷನ್ನಿಗೂ ಕೂಡಿಸಿಕೊಳ್ಳಬಹುದು ಎಂದು ಬಿಡಿಭಾಗಗಳ ಪೊಟ್ಟಣ ಬೇರೆ ಬಿಟ್ಟರು. ನಾನು ಬಿಡುತ್ತೇನೆಯೇ? ಅದನ್ನು ತರಿಸಿಕೊಂಡು ಭಾವನ ಬೆನ್ನು ಹತ್ತಿದೆ.

"ನನ್ನ ಕೈಗೆ ಅದು ಒಗ್ಗೋಗೈತೆ ಕಣೋ, ಬಿಟ್ಬಿಡು" ಅಂದರು ಭಾವ.

"ಬೆರಳು ಹೋದ್ಮೇಲೆ ಒಗ್ಗಿಸ್ಕೊಳ್ಳೀರಂತೆ! ಜಾರಿ ಬ್ಲೇಡು ಹಲಗೇಲಿ ಸಿಕ್ಕಾಕ್ಕೊಂಡ್ರೆ ಮಿಷನ್ನು ಹಿಂದಕ್ಕೆ ಹಾರ್ತದೆ. ಹಿಂದೆ ಯಾರಿದ್ರೂ ಅವ್ರ ಕತೆ ಮುಗೀತು" ಎಂದು ಅಕ್ಕನ ಎದುರಿಗೇ ರೇಗಾಡಿದೆ. ಆ ಕಡ್ಡಿಯ ಚೂರನ್ನು ಕಿತ್ತೆಸೆದು, ಇದೇನು ಮಿಷನ್ನೋ ಸೌದೆ ಒಲೆಯೋ ಎಂದು ಆಡಿಕೊಂಡೆ. ಭಾವ ನಕ್ಕು ಒಪ್ಪಿಕೊಂಡರು. ಮಿಷನ್ನನ್ನು ಬೈಕಿನ ಹಿಂದೆ ಕಟ್ಟಿಕೊಂಡು ಬಂದೆ.

ಪೊಟ್ಟಣದಲ್ಲಿ ಬ್ರಾಕೆಟ್ಟು, ನಾಬು, ಥಳಥಳ ಹೊಳೆಯುವ ಎರಡು ಬೋಲ್ಟು, ಇರುವೆ ಸಾಲಿನಂಥ ಅಕ್ಷರಗಳ ಒಂದು ಇಂಗ್ಲಿಷ್ ಕಾಗದ ಇದ್ದವು. ಇಪ್ಪತ್ತು ವರ್ಷ ಮಿಷನ್ನು ಬಿಚ್ಚಿದವನಿಗೆ ಕಾಗದ ಏನು ಹೇಳಿಕೊಡುತ್ತದೆ ಎಂದು ಅದನ್ನು ಮಡಿಸಿ ಎಸೆದೆ. ಹಳೆಯ ಬ್ರಾಕೆಟ್ಟಿನಿಂದ ಬಿಚ್ಚಿದ ಬೋಲ್ಟುಗಳಿಗೆ ತುಕ್ಕಿರಲಿಲ್ಲ, ಒಂದು ಥ್ರೆಡ್ಡೂ ಸವೆದಿರಲಿಲ್ಲ. ಅವನ್ನೇ ಹಾಕಿ ಬಿಗಿದೆ. ಹೊಸವನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ಎತ್ತಿಟ್ಟೆ. ಭಾನುವಾರ ಮಿಷನ್ನು ವಾಪಸು ಕೊಟ್ಟು, "ಇನ್ಮೇಲೆ ಕಣ್ಮುಚ್ಕೊಂಡು ತಳ್ಳಿ ಭಾವ" ಅಂದೆ.

ಗುರುವಾರ ಬೆಳಿಗ್ಗೆ ಯಾರದೋ ಗ್ರೈಂಡರಿಗೆ ಬೋಲ್ಟು ಬೇಕಾಗಿ ಆ ಡಬ್ಬಿ ತೆಗೆದೆ. ಹೊಸ ಬೋಲ್ಟು ಅಂಗೈಯಲ್ಲಿ ಯಾಕೋ ಉದ್ದ ಅನ್ನಿಸಿತು. ಭಾವನ ಮಿಷನ್ನಿಗೆ ಹಾಕಿದ್ದಂಥದ್ದೇ ಹಳೆಯದೊಂದನ್ನು ಹುಡುಕಿ ಪಕ್ಕದಲ್ಲಿ ನಿಲ್ಲಿಸಿದೆ. ಹೊಸದು ಅರ್ಧ ಉಗುರಿನಷ್ಟು ಉದ್ದ! ದಪ್ಪ ಬ್ರಾಕೆಟ್ಟಿಗೆ ಉದ್ದ ಬೋಲ್ಟೇ ಬೇಕು. ಕಂಪನಿಯವರೇನು ಚೆಂದಕ್ಕೆ ಕೊಟ್ಟಿದ್ದರೇ? ನಾನು ಹಾಕಿದವು ಒಳಗೆ ಎರಡೋ ಮೂರೋ ಸುತ್ತು ಮಾತ್ರ ಕಚ್ಚಿಕೊಂಡಿದ್ದವು. ಬಿಗಿಯುವಾಗ ಬಿಗಿಯೇ ಅನ್ನಿಸುತ್ತದೆ. ನಾಲ್ಕು ದಿನ ಅದುರಿದ ಮೇಲೆ ಬ್ರಾಕೆಟ್ಟೇ ಕಳಚಿ ಬರುತ್ತದೆ, ಅದೂ ಬ್ಲೇಡು ತಿರುಗುತ್ತಿರುವಾಗ. ಅಯ್ಯೋ ಶಿವನೇ!

ಭಾವನಿಗೆ ಫೋನ್ ಮಾಡಿದೆ. ಎತ್ತಿದವಳು ಅಕ್ಕ. ಅವಳ ಮಾತಿನ ಹಿಂದೆ ಮಿಷನ್ನಿನ ಸದ್ದು ಕೇಳುತ್ತಿತ್ತು.

"ಶೆಡ್ಡಲ್ಲಿ ಕುಯ್ತಾವ್ರೆ ಕಣೋ. ಕರೀಲಾ? ಅರ್ಜೆಂಟಾ?"

ಒಂದೇ ಮಾತು ಸಾಕಿತ್ತು, ನಿಲ್ಲಿಸಲು ಹೇಳು ಅಂದಿದ್ದರೆ ಮುಗಿಯುತ್ತಿತ್ತು. ಆ ಮಾತು ಬಾಯಿಗೆ ಬಂದಿತ್ತು ಕೂಡ. ಆದರೆ ಅವರ ಅಂಗಳದಲ್ಲೇ ನಿಂತು ಅಷ್ಟು ಹಾರಾಡಿದ್ದೆನಲ್ಲ! ನಾಲ್ಕು ದಿನಕ್ಕೇ ನಾನೇ ತಪ್ಪು ಮಾಡಿದೆ ಎಂದು ಹೇಳಬೇಕಲ್ಲ! ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಬಾರದು ನೋಡಿ.

"ಏನಿಲ್ಲ ಕಣಕ್ಕ. ಆ ಕಡೆ ಬರೋದಿತ್ತು. ಊಟಕ್ಕೆ ಬತ್ತೀನಿ ಅನ್ನೋಣ ಅಂತ ಮಾಡ್ದೆ" ಅಂದೆ.

"ಬಾ ಬಾ, ಸೊಪ್ಪಿನ ಸಾರು ಮಾಡೀನಿ" ಎಂದು ಖುಷಿಯಾಗಿ ಫೋನಿಟ್ಟಳು.

ಹೊಸ ಬೋಲ್ಟುಗಳನ್ನು ಜೇಬಿಗೆ ಹಾಕಿಕೊಂಡು, ಅಂಗಡಿಯ ಬಾಗಿಲನ್ನೂ ಎಳೆಯದೆ ಬೈಕು ಹತ್ತಿದೆ. ಹೋಗಿ, ಸುಮ್ಮನೆ ನೋಡುವ ನೆಪದಲ್ಲಿ ಬದಲಾಯಿಸಿಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ ಎಂಬ ಲೆಕ್ಕಾಚಾರ. ಬೀರೂರಿನಲ್ಲಿ ರೈಲ್ವೆ ಗೇಟು ಹಾಕಿತ್ತು. ಗೂಡ್ಸ್ ಗಾಡಿ ಒಂದೊಂದೇ ಡಬ್ಬಿ ಎಳೆದುಕೊಂಡು ಮುಗಿಯದೆ ಹೋಗುತ್ತಲೇ ಇತ್ತು. ಮಾನ ಹೋದರೆ ಹೋಗಲಿ, ಹೇಳಿಯೇ ಬಿಡೋಣ ಎಂದು ಅಲ್ಲಿಂದಲೇ ಮತ್ತೆ ಫೋನ್ ಮಾಡಿದೆ. ರಿಂಗಾಗಿ ರಿಂಗಾಗಿ ನಿಂತಿತು. ಇನ್ನೊಂದು ಸಲ ಮಾಡಿದೆ. ಆಗಲೂ ಯಾರೂ ಎತ್ತಲಿಲ್ಲ. ಯಾಕೆ ಎತ್ತುತ್ತಿಲ್ಲ? ಆಸ್ಪತ್ರೆಗೆ ಓಡಿದರೇ? ಗೇಟು ತೆರೆದ ಮೇಲೆ ಅಜ್ಜಂಪುರದವರೆಗೆ ಆ ರಸ್ತೆಯಲ್ಲಿ ಏನು ಕಂಡೆನೋ ನೆನಪಿಲ್ಲ. ಅಕ್ಕ ಅಳುವ ಸದ್ದೊಂದು ಮಾತ್ರ ಕಿವಿಯಲ್ಲಿ ಕೇಳುತ್ತಲೇ ಇತ್ತು, ಅವಳು ಅತ್ತಿರದಿದ್ದರೂ.

ಮನೆ ಮುಂದೆ ಬೈಕು ನಿಲ್ಲಿಸಿದಾಗ ಮಿಷನ್ನಿನ ಸದ್ದಿರಲಿಲ್ಲ. ಶೆಡ್ಡಿನ ಬಾಗಿಲು ತೆರೆದೇ ಇತ್ತು, ಒಳಗೆ ಯಾರೂ ಇರಲಿಲ್ಲ. ಭಾವಾ ಎಂದು ಕೂಗಿದೆ. ಆಗ ಹಿತ್ತಲಿನ ನಲ್ಲಿಯ ಕಡೆಯಿಂದ ಭಾವ ಕೈ ಒರೆಸಿಕೊಳ್ಳುತ್ತ ಬಂದರು. ನಾನು ನೋಡಿದ್ದು ಅವರ ಬೆರಳುಗಳನ್ನು. ಹತ್ತೂ ಇದ್ದವು. ಬದುಕಿದೆಯಾ ಬಡಜೀವವೇ ಅಂದುಕೊಂಡೆ.

"ಏನಪ್ಪಾ, ಮುಖ ಯಾಕೆ ಹಂಗೆ ಬಿಳಿಚ್ಕೊಂಡೈತೆ?"

"ಬಿಸ್ಲು ಭಾವ. ಮಿಷನ್ ಒಂದ್ಸಲ ನೋಡ್ತೀನಿ" ಎಂದು ಶೆಡ್ಡಿಗೆ ನುಗ್ಗಿ ಮಿಷನ್ನು ತಿರುಗಿಸಿದೆ. ಒಂದು ಬೋಲ್ಟು ಇರಲೇ ಇಲ್ಲ. ಮರದ ಪುಡಿಯಲ್ಲಿ ಎಲ್ಲಿ ಬಿದ್ದಿತ್ತೋ. ಇನ್ನೊಂದನ್ನು ಎರಡು ಬೆರಳಲ್ಲಿ ಹಿಡಿದೆ. ಬೋಲ್ಟು ಬಿಚ್ಚುವ ಕೀ ಹಾಕುವುದೇ ಬೇಕಾಗಲಿಲ್ಲ, ಸುಮ್ಮನೆ ಕೈಗೆ ಬಂತು. ಭಾವ ನನ್ನ ಬೆನ್ನ ಹಿಂದೆಯೇ ನಿಂತಿದ್ದರು. ನನ್ನ ಅಂಗೈಯಲ್ಲಿದ್ದ ಬೋಲ್ಟನ್ನು ನೋಡಿದರು, ಜೇಬಿನಿಂದ ನಾನು ತೆಗೆದ ಉದ್ದನೆಯ ಹೊಸ ಬೋಲ್ಟುಗಳನ್ನೂ ನೋಡಿದರು. ಕೆಲಸಗಾರ ಮನುಷ್ಯ, ಬಿಡಿಸಿ ಹೇಳಬೇಕಾಗಲಿಲ್ಲ.

"ಅವಾಗ ಫೋನ್ ಮಾಡ್ದಾಗ್ಲೇ ಗೊತ್ತಿತ್ತೇನೋ ನಿಂಗೆ?" ಅಂದರು.

ಹೂಂ ಅಂದೆ.

ಊಟಕ್ಕೆ ಕರೆಯಲು ಬಂದಿದ್ದ ಅಕ್ಕ ಬಾಗಿಲಲ್ಲೇ ನಿಂತಿದ್ದಳು. ಅವಳ ಸೀರೆಯ ತುಂಬ, ಕೂದಲಲ್ಲೆಲ್ಲ ಮರದ ಪುಡಿ ಇದ್ದದ್ದು ನನಗೆ ಆಗ ಕಂಡಿತು.

"ಊಟಕ್ಕೆ ಬತ್ತೀನಿ ಅಂದ್ಯಲ್ಲ" ಅಂದಳು. ದನಿ ಏರಿಸಲಿಲ್ಲ. "ನೀನು ಬರೋದ್ರೊಳಗೆ ಕೆಲ್ಸ ಮುಗೀಲಿ ಅಂತ ನಾನೇ ಹೋಗಿ ಮಿಷನ್ ಹಿಂದೆ ಕೂತು ಹಲಗೆ ಒತ್ತಿ ಹಿಡ್ಕೊಂಡಿದ್ದೆ. ನೀನು ತಿರ್ಗಾ ಫೋನ್ ಮಾಡ್ದಾಗ ಕೈ ಬಿಡೋಕಾಗ್ಲಿಲ್ಲ ಕಣೋ."

ನಾನು ತಲೆ ಎತ್ತದೆ ಹೊಸ ಬೋಲ್ಟು ಕೂಡಿಸಲು ಹೋದೆ. ಕೀ ಎರಡು ಸಲ ಜಾರಿತು. ಭಾವ ಬಗ್ಗಿ ಅದನ್ನು ನನ್ನ ಕೈಯಿಂದ ತೆಗೆದುಕೊಂಡು, ತಾವೇ ಬಿಗಿದರು.