ಹಾನಗಲ್ಲ ರಸ್ತೆ ಕವಲೊಡೆಯುವಲ್ಲಿ ನೋವು

ನನ್ನ ಅತ್ತೆಯ ಬಾಯಿಗೆ ಇಡೀ ದುಂಡಸಿ ಊರೇ ಹೆದರುತ್ತಿತ್ತು. ಅಂಥ ಬಾಯಿಂದ ಒಂದು ಶಬ್ದ ಮಾತ್ರ ಹೊರಡುತ್ತಿರಲಿಲ್ಲ: ಕುಂಡಿ. ನಾನು ಸವಣೂರಿನಿಂದ ಸೊಸೆಯಾಗಿ ಬಂದ ಮೂರನೆಯ ವರ್ಷ, ಎರಡನೆಯ ಮಹಾಯುದ್ಧಕ್ಕೆ ತುಸು ಮುಂಚೆ, ಅವರಿಗೆ ನೋವು ಹಿಡಿದದ್ದು ಸರಿಯಾಗಿ ಅಲ್ಲಿಯೇ. ಬೆನ್ನು ಮುಗಿದು ಎಡಗುಂಡಿ ಸುರುವಾಗುವ ಸಂದಿನಲ್ಲಿ. ಎಣ್ಣೆ ತಿಕ್ಕುವಾಗ 'ಇನ್ನೂ ಕೆಳಗ, ಇನ್ನೂ ಕೆಳಗ' ಅನ್ನುತ್ತಿದ್ದುದರಿಂದ ಅದು ನನಗೊಬ್ಬಳಿಗೆ ಗೊತ್ತಿತ್ತು. ಬೇರೆ ಯಾರು ಕೇಳಿದರೂ ಅವರ ಕೈ ಒಂದು ಗೇಣು ಮೇಲೆ, ಟೊಂಕಕ್ಕೆ ಹೋಗಿ ನಿಲ್ಲುತ್ತಿತ್ತು.

ಶಿಗ್ಗಾವಿಯ ದವಾಖಾನೆಯಲ್ಲೂ ಹಾಗೇ ಆಯಿತು. ಅಲ್ಲಿಯ ಕಂಪೌಂಡರ ಹತ್ತಿರ ರೋಗಗಳ ಒಂದು ಅಚ್ಚಿನ ಪಟ್ಟಿಯಿತ್ತು. ಪ್ರತಿ ರೋಗಕ್ಕೂ ಒಂದು ಅಂಕಿ. ಬಂದವರ ಹೆಸರಿನ ಮುಂದೆ ಅದನ್ನು ಬರೆಯಬೇಕು. ಟೊಂಕದ ಮೇಲಿನ ಕೈ ನೋಡಿ ಆತ ಮೂತ್ರಪಿಂಡದ ಅಂಕಿ ಬರೆದ. ಅಂಕಿ ಬಿತ್ತೆಂದರೆ ರೋಗ ಬಿದ್ದಂತೆಯೇ. ಎರಡು ತಿಂಗಳವರೆಗೆ ಹೋದಾಗಲೆಲ್ಲ ಪುಸ್ತಕ ತೆಗೆದು ಅದೇ ಕೆಂಪು ಔಷಧಿಯನ್ನು ಬಾಟಲಿಗೆ ಸುರಿದುಕೊಟ್ಟರು. ಅತ್ತೆಯ ಮೂತ್ರಪಿಂಡಕ್ಕೆ ಭಾರಿ ಸುಖವಾಗಿರಬೇಕು. ನೋವು ಮಾತ್ರ ಜಗ್ಗಲಿಲ್ಲ.

ಅದರ ರೀತಿಯೂ ವಿಚಿತ್ರ. ಮುಂಜಾನೆ ಹಾಸಿಗೆಯಿಂದ ಏಳಲು ಆಗುತ್ತಿರಲಿಲ್ಲ. ನಾಲ್ಕು ಕೊಡ ನೀರು ಹೊತ್ತ ಮೇಲೆ ಸಲೀಸಾಗಿ ಓಡಾಡುತ್ತಿದ್ದರು. ರೊಟ್ಟಿ ಬಡಿಯಲು ಕೂತರೆ ಮತ್ತೆ ಸುರು. ಇದು ಸೋಗೇ ಹೊರತು ರೋಗವಲ್ಲ ಎಂದು ಮಾವ ತೀರ್ಮಾನಿಸಿದರು. ಆದರೂ ನರಳಾಟ ಕೇಳಿ ಕೇಳಿ ಬೇಸತ್ತು, ಬರೆ ಹಾಕುವ ಮುದುಕನನ್ನು ತಡಸದಿಂದ ಕರೆಸುವುದೆಂದಾಯಿತು. ಸೋಮವಾರ ಎತ್ತು ಹೂಡುವಂತಿಲ್ಲ, ಗಂಡಸರು ಮನೆಯಲ್ಲೇ ಇರುತ್ತಾರೆ, ಅವತ್ತೇ ಬರೆ. ಅದೂ ಎಲ್ಲಿ? ಕೈ ತೋರಿಸಿದಲ್ಲಿ, ಟೊಂಕದ ಮೇಲೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಸುಟ್ಟುಕೊಂಡಾರು, ಆ ಶಬ್ದ ಆಡಲೊಲ್ಲರು! ನನಗೆ ಸಿಟ್ಟು ನೆತ್ತಿಗೇರಿತು.

ಶನಿವಾರ ಅವರನ್ನು ಹಟ ಹಿಡಿದು ಮತ್ತೆ ಶಿಗ್ಗಾವಿಗೆ ಹೊರಡಿಸಿದೆ. ಚಕ್ಕಡಿಯಲ್ಲಿ ಕೂಡಲಾಗದೆ ಅರ್ಧ ದಾರಿ ಅದರ ಹಿಂದೆ ನಡೆದೇ ಬಂದರು. ದವಾಖಾನೆಗೆ ಹೊಸ ಡಾಕ್ಟರು ಬಂದಿದ್ದರು. ಮರಾಠಿಯವರು, ಟೊಂಕ, ಪಕ್ಕೆ ಯಾವುದೂ ಅವರಿಗೆ ಸರಿಯಾಗಿ ತಿಳಿಯದು. ಆದರೆ ಸಿಡುಬು ಬಾರದಂತೆ ದೇವಿ ಹಾಕಲು ಸುತ್ತಲಿನ ರಸ್ತೆಗಳನ್ನೆಲ್ಲ ಸುತ್ತಿದವರು. ನನಗೆ ಥಟ್ಟನೆ ಹೊಳೆಯಿತು. ಮೈಯ ಹೆಸರು ಬ್ಯಾಡ್ರಿ, ಊರ ಹೆಸರು ಹೇಳ್ರಿ ಎಂದು ಅತ್ತೆಗೆ ಅಂದೆ. ನನ್ನ ಮೈಯನ್ನೇ ಮುಟ್ಟಿ ತೋರಿಸಿದೆ: ಹುಬ್ಬಳ್ಳಿ ಕುತ್ತಿಗೆ, ತಡಸ ಹೆಗಲು, ಶಿಗ್ಗಾವಿ ಟೊಂಕ.

ಅತ್ತೆಯ ಮುಖ ಅರಳಿತು. "ಹಂಗಾರ ಶಿಗ್ಗಾವಿ ದಾಟಿ ಹಾನಗಲ್ಲ ರಸ್ತೆ ಕವಲ ಒಡಿತೈತಲ್ರಿ, ಅಲ್ಲಿ."

ಡಾಕ್ಟರು ಬರೆಯುತ್ತಿದ್ದ ಟಾಕು ಕೆಳಗಿಟ್ಟರು. ಹಿಮ್ಮಡಿಯನ್ನು ನೆಲಕ್ಕೆ ಕುಟ್ಟಿ, ಇದು ಹಿರೇಕೆರೂರು, ನೋವು ಇಲ್ಲಿತನಕ ಹೋಗುತ್ತದೆಯೋ ಎಂದು ಕೇಳಿದರು.

"ಮೊಣಕಾಲ ಹಂಸಭಾವಿ ಅಂತ ತಿಳೀರಿ. ಅಲ್ಲಿಗೂ ಹೋಗಂಗಿಲ್ರಿ. ಹಾನಗಲ್ಲದಾಗ ಗಾಡಿ ಬಿಟ್ಟು ಕುಂದರತೈತಿ."

ಆಮೇಲೆ ಡಾಕ್ಟರು ಪರದೆಯ ಆಚೆ ನಿಂತು, ಎಲ್ಲಿ ಒತ್ತಬೇಕೆಂದು ನನಗೆ ಹೇಳುತ್ತ ಹೋದರು. ಟೊಂಕ ಒತ್ತಿದೆ, ಅತ್ತೆ ಸುಮ್ಮನಿದ್ದರು. ಕವಲಿನಲ್ಲಿ ಒತ್ತಿದ ಕೂಡಲೇ ನನ್ನ ಜಡೆ ಹಿಡಿದು ಜಗ್ಗಿದರು. ಬೆನ್ನೆಲುಬೂ ಕುಂಡಿಯ ಎಲುಬೂ ಕೂಡುವ ಕೀಲು ಬಾತಿದೆ ಎಂದರು ಡಾಕ್ಟರು. ಮುಂಜಾನೆ ಬಿಗಿಯುವುದು, ಅಡ್ಡಾಡಿದರೆ ಸಡಿಲಾಗುವುದು ಸೋಗಲ್ಲ, ಆ ರೋಗದ ಗುರುತೇ ಅದು. ಬಿಸಿ ಉಸುಕಿನ ಗಂಟಿನಿಂದ ಕಾವು ಕೊಡಿ, ಬಹಳ ಹೊತ್ತು ಕೂಡ್ರಿಸಬೇಡಿ, ಬರೆ ಹಾಕಿದರೆ ಗಾಯವೊಂದು ಹೆಚ್ಚಾದೀತು ಅಷ್ಟೆ ಎಂದರು. ಕಂಪೌಂಡರ್ ಪಟ್ಟಿಯನ್ನು ಮೇಲಿಂದ ಕೆಳಗೆ ಹುಡುಕಿದ. ಆ ಕೀಲಿಗೆ ಅಂಕಿಯೇ ಇರಲಿಲ್ಲ. ಡಾಕ್ಟರು ಹಳೆಯ ಅಂಕಿಯನ್ನು ಹೊಡೆದುಹಾಕಿ, ರೋಗದ ಹೆಸರನ್ನು ತಾವೇ ಅಕ್ಷರದಲ್ಲಿ ಬರೆದು, ನಮಗೂ ಒಂದು ಚೀಟಿ ಕೊಟ್ಟರು.

ಸೋಮವಾರ ಮುದುಕ ಬಂದು ಅಂಗಳದ ಕೆಂಡದಲ್ಲಿ ಕಬ್ಬಿಣ ಇಟ್ಟ. ಕಟ್ಟೆಯ ಮೇಲೆ ಮಾವ, ಪಕ್ಕದಲ್ಲಿ ಓಣಿಯ ಇಬ್ಬರು ಹಿರಿಯರು. ನಾನು ಮಾವನ ಕೈಗೆ ಚೀಟಿ ಕೊಟ್ಟೆ. ಇಂಗ್ಲಿಷಿನದನ್ನು ತಿರುಗಾಮುರುಗಾ ನೋಡಿ ಏನಿದು ಅಂದರು. ಕೀಲು ಬಾತಿದೆಯಂತೆ, ಬರೆ ಬೇಡವಂತೆ ಅಂದೆ. "ಯಾವ ಕೀಲವಾ?"

ಎರಡು ತಿಂಗಳು ಅತ್ತೆಯನ್ನು ನೋಡಿ ಒಳಗೊಳಗೇ ನಕ್ಕವಳು ನಾನು. ಮಾವನ ಎದುರು ನನ್ನ ನಾಲಿಗೆಯೂ ಏಳಲಿಲ್ಲ. ಹಾನಗಲ್ಲ ರಸ್ತೆ ಎಂದು ತೊದಲಿದೆ. ಹಾನಗಲ್ಲಕ್ಕೂ ಇದಕ್ಕೂ ಏನು ಸಂಬಂಧ ಎಂದು ಗದರಿದರು. ಮುದುಕ ಕೆಂಪಗೆ ಕಾದ ಕಬ್ಬಿಣ ಎತ್ತಿಕೊಂಡು, ಜಾಗ ತೋರಿಸಲಿ ಅಂದ.

ಅತ್ತೆ ಬಾಗಿಲ ಚೌಕಟ್ಟು ಹಿಡಿದು ಹೊರಗೆ ಬಂದರು. ಕಬ್ಬಿಣವನ್ನೊಮ್ಮೆ, ತಲೆ ತಗ್ಗಿಸಿ ನಿಂತ ನನ್ನನ್ನೊಮ್ಮೆ ನೋಡಿದರು. ಆಮೇಲೆ ಸಂತೆಯಲ್ಲಿ ಬದನೆಕಾಯಿ ದರ ಹೇಳುವ ದನಿಯಲ್ಲಿ ಅಂದರು: "ಕುಂಡೀ ಸಂದಿನಾಗ ನೋವೈತಿ. ಅಲ್ಲಿ ಹಾಕ್ತೀಯೇನು?"

ಮುದುಕ ಕಬ್ಬಿಣವನ್ನು ನೀರಿನ ಬಾನಿಯಲ್ಲಿ ಅದ್ದಿದ. ಹಿರಿಯರಿಬ್ಬರಿಗೂ ಒಮ್ಮೆಲೇ ಮನೆಗೆಲಸ ನೆನಪಾಯಿತು. ನಗು ಬಂತೋ ಅಳು ಬಂತೋ, ನಾನು ಸೆರಗನ್ನು ಬಾಯಿಗೆ ತುರುಕಿಕೊಂಡೆ. ಮಾವ ಚೀಟಿಯನ್ನು ಮಡಿಸಿಟ್ಟರು. ಡಾಕ್ಟರು ಮತ್ತೇನು ಹೇಳಿದ್ದಾರೆ ಎಂದು ಕೇಳಿದರು. ಉಸುಕಿನ ಕಾವು ಅಂದೆ. ಅವರು ಯಾರ ಮುಖವನ್ನೂ ನೋಡದೆ ಬುಟ್ಟಿ ಎತ್ತಿಕೊಂಡು ಹಳ್ಳದ ಕಡೆ ನಡೆದರು.